ಫಿಲಡೆಲ್ಫಿಯಾದ ಏಕಾಂತ ಕಾರಾಗೃಹ

ಸೆರೆಮನೆಗಳನ್ನು ರಾಜಮಾರ್ಗದ ಬದಿಯಲ್ಲಿಯೇ ಕಟ್ಟಿಸತಕ್ಕದ್ದೆಂದೂ, ಸಂಕಟಪಡುತ್ತ ವಿಕಾರಗೊಂಡಿರುವ ಅಪರಾಧಿಗಳು ದಾರಿಹೋಕರ ಕಣ್ಣಿಗೆ ಬೀಳುವಂತಿರಬೇಕೆಂದೂ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ವಿಧಿಸುತ್ತದೆ. ಕಂಡವರು ಹೆದರಿ ಪಾಪದಿಂದ ಹಿಮ್ಮೆಟ್ಟಲಿ ಎಂಬುದು ಅಲ್ಲಿಯ ಅಭಿಪ್ರಾಯವೆಂದು ತೋರುತ್ತದೆ. ಕೌಟಿಲ್ಯನು ಇದಕ್ಕಿಂತ ಲೌಕಿಕನು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ಥಳ, ಭದ್ರವಾದ ಕೊಠಡಿಗಳು, ಬಂದಿಯನ್ನು ಹಿಂಸಿಸಿದ ಅಧಿಕಾರಿಗೆ ದಂಡ, ಹುಣ್ಣಿಮೆಯಂದೂ ರಾಜನ ಜನ್ಮನಕ್ಷತ್ರದಂದೂ ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರ ಬಿಡುಗಡೆ, ಇವುಗಳ ಮೇಲೆಯೇ ಅವನ ಲಕ್ಷ್ಯವೆಲ್ಲ. ಆದರೆ ಸೆರೆಯಾಳು ಯಾರಿಗೂ ಕಾಣಬಾರದು, ಅವನಿಗೂ ಯಾರೂ ಕಾಣಬಾರದು ಎಂಬ ಮಾತು ಈ ಎರಡು ಗ್ರಂಥಗಳಲ್ಲಿ ಎಲ್ಲಿಯೂ ಇಲ್ಲ. ಆ ಮತವು 1829ನೆಯ ಇಸವಿಯಲ್ಲಿ ಅಮೆರಿಕ ದೇಶದ ಫಿಲಡೆಲ್ಫಿಯಾ ನಗರದಲ್ಲಿ ಕಲ್ಲಿನ ರೂಪವನ್ನು ಪಡೆಯಿತು. ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಎಂಬುದು ಆ ಕಟ್ಟಡದ ಹೆಸರು. ಅದು ನಿಂತಿರುವ ಸ್ಥಳದಲ್ಲಿ ಹಿಂದೆ ಹಣ್ಣಿನ ತೋಪು ಇದ್ದುದರಿಂದ ಚೆರಿ ಹಿಲ್ ಎಂದು ಕರೆಯುವ ರೂಢಿಯೂ ಉಂಟು.

ಆ ಸೆರೆಮನೆಯು 1971ರಲ್ಲಿ ಮುಚ್ಚಿತು. 1994ರಿಂದ ಅದು ಟಿಕೀಟು ಕೊಂಡವರಿಗೆಲ್ಲ ತೆರೆದಿರುವ ಪ್ರದರ್ಶನಸ್ಥಾನವಾಗಿದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ಕನ್ನಡನಾಡಿನ ವೃದ್ಧ ದಂಪತಿಗಳು ಕೂಡ, ಬೆಳಗ್ಗೆ ಅದೇ ನಗರದ ಸ್ವಾತಂತ್ರ್ಯದ ಗಂಟೆಯನ್ನು ನೋಡಿದ ಮೇಲೆ ಹೊತ್ತು ಮಿಕ್ಕರೆ ಇಲ್ಲಿಗೂ ಒಂದು ಸುತ್ತು ಹೋಗಿಬರುವುದುಂಟು. ಸ್ವಾತಂತ್ರ್ಯದ ಗಂಟೆಗೂ ಈ ಸೆರೆಮನೆಗೂ ನಡುವಣ ದಾರಿ ಬಹು ದೂರವೇನೂ ಅಲ್ಲ. ಆದರೆ ಗಂಟೆಯನ್ನು ನೋಡುವುದು ಸುಲಭ, ಸೆರೆಮನೆಯನ್ನು ನೋಡುವುದು ಕಷ್ಟ. ಕಾಣದಿರಲೆಂದೇ ಕಟ್ಟಿದ್ದನ್ನು ಕಾಣಿಸುವುದು ಹೇಗೆ? ಮೌನಕ್ಕಾಗಿ ಕಟ್ಟಿದ್ದನ್ನು ಮಾತಿನಿಂದ ತುಂಬಬಹುದೆ? ಪರರ ದುಃಖವನ್ನು ರಜೆಯ ದಿನದ ವಿನೋದವನ್ನಾಗಿ ಅನುಭವಿಸುವುದು ಯುಕ್ತವೆ? ಈ ಪ್ರಶ್ನೆಗಳು ಕೇವಲ ಕಟ್ಟಡಕ್ಕೆ ಸಂಬಂಧಿಸಿದವಲ್ಲ. ಕರುಣರಸವನ್ನು ಕುರಿತು ಆಲಂಕಾರಿಕರು ಕೇಳಿಕೊಂಡ ಪ್ರಶ್ನೆಗಳೇ ಇವು. ಆದಕಾರಣ ಈ ಸ್ಥಳವನ್ನು ಒಂದು ಕೃತಿಯೆಂದು ಭಾವಿಸಿ, ಕಾವ್ಯವನ್ನು ಪರೀಕ್ಷಿಸುವಂತೆಯೇ ಪರೀಕ್ಷಿಸುವುದು ಅನುಚಿತವಾಗಲಾರದು.

ಮೊದಲು ಕೃತಿಯ ವಸ್ತು. 1787ರಲ್ಲಿ ಫಿಲಡೆಲ್ಫಿಯಾದ ಕೆಲವು ಮಂದಿ ಸಜ್ಜನರು ಸೆರೆಮನೆಗಳ ದುಃಖವನ್ನು ಕಡಮೆ ಮಾಡುವುದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ವೈದ್ಯನಾದ ಬೆಂಜಮಿನ್ ರಷ್ ಅವರಲ್ಲಿ ಪ್ರಮುಖನು. ಆ ಕಾಲದ ಬಂದೀಖಾನೆಗಳಲ್ಲಿ ಮುದುಕರು ಹುಡುಗರು, ಸಾಲಗಾರರು ಕೊಲೆಗಾರರು ಎಲ್ಲರೂ ಒಂದೇ ಕೊಠಡಿಯಲ್ಲಿ ತುಂಬಿರುತ್ತಿದ್ದರು. ಒಬ್ಬನ ಕೆಡುಕು ಇನ್ನೊಬ್ಬನಿಗೆ ಅಂಟುತ್ತಿದ್ದಿತು. ಹೊಡೆತ, ಛೀಮಾರಿ, ನೇಣು ಇವುಗಳಿಂದ ಮನುಷ್ಯನು ತಿದ್ದಿಕೊಳ್ಳುವುದಿಲ್ಲ. ಅವನನ್ನು ಒಬ್ಬನನ್ನೇ ಬಿಟ್ಟರೆ ಅಂತಃಕರಣವು ಎಚ್ಚತ್ತು ತಾನೇ ಪಶ್ಚಾತ್ತಾಪಪಡುತ್ತಾನೆ ಎಂದು ಅವರು ನಂಬಿದರು. ಪೆನಿಟೆನ್ಷಿಯರಿ ಎಂಬ ಶಬ್ದದಲ್ಲಿಯೇ ಪಶ್ಚಾತ್ತಾಪದ ಅರ್ಥವಿದೆ. ಉದ್ದೇಶವು ಕ್ರೂರವಾಗಿರಲಿಲ್ಲ ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ದಯೆಯಿಂದ ಹುಟ್ಟಿದ ಕಟ್ಟಡ ಇದು. ಇದರ ಕಥೆಯಲ್ಲಿ ವಿಚಾರಯೋಗ್ಯವಾದ ಅಂಶವೆಲ್ಲ ಇಲ್ಲಿಂದಲೇ ಪ್ರಾರಂಭವಾಗುತ್ತದೆ.

ಇಂಗ್ಲೆಂಡಿನಿಂದ ಬಂದಿದ್ದ ಜಾನ್ ಹ್ಯಾವಿಲೆಂಡ್ ಎಂಬ ಶಿಲ್ಪಿಯು ನಕ್ಷೆಯನ್ನು ರಚಿಸಿದನು. ಸುಮಾರು 11 ಎಕರೆ ನೆಲ. ಸುತ್ತಲೂ 30 ಅಡಿ ಎತ್ತರದ ಕಲ್ಲಿನ ಗೋಡೆ. ಎದುರಿಗೆ ಬುರುಜುಗಳಿಂದ ಕೂಡಿದ ಕೋಟೆಯಂಥ ಮುಖಭಾಗ. ಒಳಗೆ ನಡುವೆ ಒಂದು ದುಂಡು ಮಂಟಪ. ಅದರಿಂದ ರಥಚಕ್ರದ ಅರೆಗಳಂತೆ ಏಳು ಸಾಲುಗಳು. ಎಲ್ಲವೂ ಮುಗಿಯುವ ಹೊತ್ತಿಗೆ ಸುಮಾರು 7,80,000 ಡಾಲರು ವೆಚ್ಚವಾಯಿತು. ಆ ದೇಶದಲ್ಲಿ ಅಷ್ಟು ಹಣವನ್ನು ನುಂಗಿದ ಕಟ್ಟಡಗಳು ಆಗ ಬೆರಳೆಣಿಕೆಯಷ್ಟೇ. ಕೋಣೆಕೋಣೆಗೂ ನೀರಿನ ಕೊಳವೆ, ಪಾಯಖಾನೆ, ಚಳಿಗಾಲಕ್ಕೆ ಬಿಸಿಯ ಏರ್ಪಾಡು ಇದ್ದವು. ಅಧ್ಯಕ್ಷರ ಶ್ವೇತಭವನದಲ್ಲಿಯೂ ಅಂದು ಕೊಳವೆಯ ನೀರು ಇರಲಿಲ್ಲ. ಮುಂದೆ ಭೂಮಂಡಲದ ನಾನಾ ದೇಶಗಳಲ್ಲಿ ಸುಮಾರು 300 ಸೆರೆಮನೆಗಳು ಈ ಚಕ್ರದ ಮಾದರಿಯನ್ನು ಅನುಸರಿಸಿದವೆಂದು ಲೆಕ್ಕ ಹೇಳುತ್ತಾರೆ.

ಕೋಣೆಯ ಕಮಾನಿನ ಛಾವಣಿಯಲ್ಲಿ ಒಂದೇ ಒಂದು ಬೆಳಕಿಂಡಿ. ದೇವರ ಕಣ್ಣು ಎಂದು ಅದಕ್ಕೆ ಹೆಸರು. ಮೊದಲು ಕಟ್ಟಿದ ಸಾಲುಗಳಲ್ಲಿ ಓಣಿಯ ಕಡೆಗೆ ಬಾಗಿಲೇ ಇರಲಿಲ್ಲ; ಊಟವನ್ನು ಒಳಕ್ಕೆ ತಳ್ಳುವುದಕ್ಕೆ ಒಂದು ಕಿಂಡಿ ಮಾತ್ರ. ಹಿಂದುಗಡೆ ಪ್ರತಿಯೊಬ್ಬನಿಗೂ ಪ್ರತ್ಯೇಕವಾದ ಗೋಡೆಯ ಅಂಗಳ. ದಿನಕ್ಕೆ ಒಂದು ಗಂಟೆ ಹೊತ್ತು ಅಲ್ಲಿ ಅಡ್ಡಾಡಬಹುದು, ನೆರೆಯವನು ಅದೇ ಸಮಯದಲ್ಲಿ ತನ್ನ ಅಂಗಳಕ್ಕೆ ಬರಬಾರದು. ಓದುವುದಕ್ಕೆ ಬೈಬಲ್. ಕೈಗೆ ಮಗ್ಗದ ಕೆಲಸವೋ ಜೋಡು ಹೊಲಿಯುವ ಕೆಲಸವೋ. ಹೊರಕ್ಕೆ ಕರೆದೊಯ್ಯುವಾಗ ಮುಖವನ್ನು ಮರೆಮಾಡುವ ಮುಸುಕು. ಹೆಸರಿಗೆ ಬದಲು ಅಂಕೆ. ಕಾವಲುಗಾರರು ಸದ್ದಾಗದಿರಲೆಂದು ಪಾದರಕ್ಷೆಗಳ ಮೇಲೆ ಕಾಲುಚೀಲವನ್ನು ತೊಡುತ್ತಿದ್ದರಂತೆ. ಒಂದನೆಯ ಅಂಕೆಯನ್ನು ಹೊತ್ತು 1829ರ ಅಕ್ಟೋಬರಿನಲ್ಲಿ ಒಳಹೊಕ್ಕವನು ಚಾರ್ಲ್ಸ್ ವಿಲಿಯಮ್ಸ್ ಎಂಬ ಹದಿನೆಂಟು ವರ್ಷದ ಕರಿಯ ಒಕ್ಕಲಿಗನು. ಒಂದು ಗಡಿಯಾರವನ್ನೂ ಒಂದು ಚಿನ್ನದ ಮುದ್ರೆಯನ್ನೂ ಒಂದು ಚಿನ್ನದ ಕೀಲಿಯನ್ನೂ ಕದ್ದುದಕ್ಕಾಗಿ ಎರಡು ವರ್ಷದ ಶಿಕ್ಷೆ. ಮೂರನ್ನೂ ಕೂಡಿಸಿದರೆ ಬೆಲೆ 25 ಡಾಲರಿನ ಆಸುಪಾಸು.

ಈ ಏರ್ಪಾಡಿನ ತತ್ತ್ವದಲ್ಲಿ ಒಂದು ಲೋಪವಿದೆ. ಭಾರತೀಯ ಧರ್ಮಶಾಸ್ತ್ರವನ್ನು ಓದಿದವರಿಗೆ ಅದು ಬೇಗನೆ ಗೋಚರವಾಗುತ್ತದೆ. ಏಕಾಂತವು ಚಿತ್ತಶುದ್ಧಿಗೆ ಸಾಧನವೆಂಬುದನ್ನು ಇಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಋಷಿಗಳು ಅರಣ್ಯಕ್ಕೆ ಹೋದುದು ಅದಕ್ಕಾಗಿಯೇ. ಆದರೆ ಋಷಿಗೆ ಕಾಡಿನ ದಾರಿ ಎರಡು ಕಡೆಗೂ ತೆರೆದಿದ್ದಿತು. ತಾನಾಗಿ ಹಿಡಿದ ಉಪವಾಸಕ್ಕೂ ಅನ್ನವಿಲ್ಲದೆ ಬಿದ್ದಿರುವುದಕ್ಕೂ ಎಷ್ಟು ಅಂತರವೋ ಏಕಾಂತಕ್ಕೂ ಈ ಒಂಟಿತನಕ್ಕೂ ಅಷ್ಟು ಅಂತರ. ಅದೂ ಇರಲಿ. ಪಾಪ ಮಾಡಿದವನು ಪಾಪದಿಂದ ಬಿಡುಗಡೆ ಹೊಂದುವ ಸಾಧನಗಳನ್ನು ಮನುವು ಹನ್ನೊಂದನೆಯ ಅಧ್ಯಾಯದಲ್ಲಿ ಎಣಿಸುವಾಗ, ಅನುತಾಪಕ್ಕಿಂತಲೂ ತಪಸ್ಸಿಗಿಂತಲೂ ಅಧ್ಯಯನಕ್ಕಿಂತಲೂ ಮೊದಲು ಖ್ಯಾಪನವನ್ನು ಹೇಳುತ್ತಾನೆ. ಖ್ಯಾಪನವೆಂದರೆ ತಾನು ಮಾಡಿದ್ದನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವುದು. ಹೇಳಿಕೊಳ್ಳುವುದಕ್ಕೆ ಕೇಳುವವನೊಬ್ಬನು ಬೇಕು. ಫಿಲಡೆಲ್ಫಿಯಾದ ಸಜ್ಜನರು ಅನುತಾಪಕ್ಕೆ ಸ್ಥಳ ಕೊಟ್ಟರು, ತಪಸ್ಸಿಗೆ ಸ್ಥಳ ಕೊಟ್ಟರು, ಓದುವುದಕ್ಕೆ ಧರ್ಮಗ್ರಂಥವನ್ನು ಕೊಟ್ಟರು. ಕೇಳುವ ಕಿವಿಯನ್ನು ಮಾತ್ರ ಕಿತ್ತುಕೊಂಡರು. ಅಪರೂಪಕ್ಕೆ ಬರುವ ಪಾದ್ರಿಯೋ ಸಂಘದ ಸಂದರ್ಶಕನೋ ಆ ಕೊರತೆಯನ್ನು ತುಂಬಬಲ್ಲವನಾಗಿರಲಿಲ್ಲ.

ಮೌನವು ತಾನಾಗಿ ನೆಲಸಲಿಲ್ಲ. ಮಾತನಾಡಿದವರಿಗೆ ಕಬ್ಬಿಣದ ಕಡಿವಾಣವನ್ನು ಬಾಯಿಗೆ ಬಿಗಿದು ಕೈಗಳನ್ನು ಹಿಂದಕ್ಕೆ ಕಟ್ಟುವ ಶಿಕ್ಷೆ ಅಲ್ಲಿ ಇದ್ದಿತು. 1833ರಲ್ಲಿ ಒಬ್ಬ ಬಂದಿಯು ಆ ಕಡಿವಾಣವನ್ನು ಕಚ್ಚಿಕೊಂಡೇ ಸತ್ತನು. ಅದರ ಮೇಲೆ ಶಾಸನಸಭೆಯಿಂದ ವಿಚಾರಣೆಯೂ ನಡೆಯಿತು. ಬಾರುಕೋಲನ್ನು ಕೈಬಿಡಬೇಕೆಂದು ಹೊರಟ ಮತವು ನಾಲ್ಕು ವರ್ಷ ತುಂಬುವುದರೊಳಗೆ ಈ ಸ್ಥಿತಿಗೆ ಇಳಿದಿದ್ದಿತು.

ಈ ಕಟ್ಟಡಕ್ಕೆ ದೊರೆತ ವ್ಯಾಖ್ಯಾನಕಾರರಲ್ಲಿ ಹೆಸರಾದವರು ಇಬ್ಬರು. ಫ್ರಾನ್ಸಿನ ತೋಕ್‌ವಿಲ್‌ನು ತನ್ನ ಮಿತ್ರನಾದ ಬೊಮೋಂಟನೊಡನೆ 1831ರಲ್ಲಿ ಬಂದು ಬಂದಿಗಳನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತನಾಡಿಸಿದನು. 1833ರಲ್ಲಿ ಇಬ್ಬರೂ ಸೇರಿ ವರದಿಯನ್ನು ಪ್ರಕಟಿಸಿದರು. ಅದು ರಾಜ್ಯಾಡಳಿತದ ಗ್ರಂಥ. ಹಗಲೆಲ್ಲ ಒಟ್ಟಿಗೆ ದುಡಿಸಿ ಮಾತನ್ನು ಮಾತ್ರ ನಿಷೇಧಿಸುವ ನ್ಯೂಯಾರ್ಕಿನ ಆಬರ್ನ್ ಪದ್ಧತಿಯೊಡನೆ ಇದನ್ನು ತೂಗಿ ನೋಡುವುದೇ ಅದರ ಕೆಲಸ. ಸಾಹಿತ್ಯದೃಷ್ಟಿಯಿಂದ ಹೆಚ್ಚು ಹೇಳತಕ್ಕದ್ದಿಲ್ಲ.

ಇನ್ನೊಬ್ಬನು ಚಾರ್ಲ್ಸ್ ಡಿಕನ್ಸ್. 1842ರ ಮಾರ್ಚಿನಲ್ಲಿ ಅವನು ಇಲ್ಲಿಗೆ ಬಂದು ಒಂದು ದಿನ ಕೋಣೆಯಿಂದ ಕೋಣೆಗೆ ಅಲೆದನು. ಆಗ ಅವನಿಗೆ ಮೂವತ್ತು ವರ್ಷ. ಅದೇ ವರ್ಷ ಹೊರಬಂದ ‘ಅಮೆರಿಕನ್ ನೋಟ್ಸ್’ ಎಂಬ ಪ್ರವಾಸಗ್ರಂಥದಲ್ಲಿ ಒಂದು ಅಧ್ಯಾಯದ ಬಹುಭಾಗವು ಈ ಸೆರೆಮನೆಗೆ ಮೀಸಲಾಗಿದೆ. ಇದನ್ನು ಕಟ್ಟಿದವರ ಸದ್ಭಾವವನ್ನು ಅವನು ಒಪ್ಪುತ್ತಾನೆ. ಆದರೆ ಮೆದುಳನ್ನು ದಿನದಿನಕ್ಕೂ ಮೆಲ್ಲಮೆಲ್ಲನೆ ತಿರುಚುವ ಈ ಹಿಂಸೆಯು ದೇಹಕ್ಕೆ ಕೊಡುವ ಯಾವ ಹಿಂಸೆಗಿಂತಲೂ ದಾರುಣವೆಂದೂ, ಅದರ ಗಾಯವು ಮೈಮೇಲೆ ಕಾಣದ ಕಾರಣದಿಂದಲೇ ಲೋಕವು ಅದನ್ನು ಸಹಿಸಿಕೊಂಡಿದೆಯೆಂದೂ ವಾದಿಸುತ್ತಾನೆ.

ಅಧ್ಯಾಯದ ಗುಣದೋಷಗಳೆರಡೂ ಅವನ ಸಮಗ್ರ ಪ್ರತಿಭೆಯ ಗುಣದೋಷಗಳೇ. ಕೋಣೆಯೊಂದರಲ್ಲಿ ಮಗ್ಗದ ಮುಂದೆ ಕುಳಿತ ಬಂದಿಯನ್ನು ಅವನು ಕಾಣುತ್ತಾನೆ. ಆರು ವರ್ಷ ಕಳೆದಿದೆ, ಇನ್ನು ಮೂರು ಬಾಕಿ. ಕಾಗದದ ಟೋಪಿಯನ್ನು ತಾನೇ ಮಾಡಿಕೊಂಡು ಹಾಕಿಕೊಂಡಿದ್ದಾನೆ. ಚೂರುಪಾರುಗಳನ್ನು ಸೇರಿಸಿ ಒಂದು ಗಡಿಯಾರವನ್ನು ಮಾಡಿದ್ದಾನೆ. ಅದರ ಲೋಲಕವಾಗಿ ತೂಗುತ್ತಿರುವುದು ಹುಳಿದ್ರಾವಕದ ಸೀಸೆ. ಮುಂದೆ ಅದರಿಂದ ಸಂಗೀತವನ್ನೂ ನುಡಿಸಬೇಕೆಂದು ಆಸೆ. ಇಷ್ಟೇ. ಕಾಲವೇ ಶಿಕ್ಷೆಯಾಗಿರುವವನು ಕಾಲವನ್ನು ಅಳೆಯುವ ಯಂತ್ರವನ್ನು ಮಾಡಿಕೊಂಡು ಕುಳಿತಿದ್ದಾನೆಂಬ ಧ್ವನಿಯನ್ನು ಹೊರಡಿಸುವುದಕ್ಕೆ ಆ ಸೀಸೆಯೊಂದು ಸಾಕು. ಇನ್ನೊಂದು ಕೋಣೆಯ ಜರ್ಮನನು ನೂಲಿನಿಂದ ಬಣ್ಣವನ್ನು ಹಿಂಡಿ ತೆಗೆದು ಗೋಡೆ ಛಾವಣಿಗಳನ್ನು ತುಂಬ ಚಿತ್ರಿಸಿದ್ದಾನೆ. ಹಿಂದಣ ಅಂಗಳದಲ್ಲಿ ಹಸನಾದ ಒಂದು ಪಾತಿಯನ್ನು ಮಾಡಿದ್ದಾನೆ. ಆ ಪಾತಿ ಗೋರಿಯಂತೆ ಕಾಣುತ್ತದೆ ಎಂದು ಡಿಕನ್ಸನು ಹೋಗುತ್ತ ಹೋಗುತ್ತ ಹೇಳುತ್ತಾನೆ. ವಿಭಾವಾನುಭಾವಗಳನ್ನು ಇಷ್ಟು ಮಿತವಾಗಿ ಜೋಡಿಸುವುದು ಮಹಾಕವಿಗಳಿಗೂ ಸುಲಭವಲ್ಲ. ಆದರೆ ಮುಂದಣ ಪುಟಗಳಲ್ಲಿ ಅವನಿಗೆ ಅಷ್ಟರಿಂದ ತೃಪ್ತಿಯಿಲ್ಲ. ತಾನೇ ಒಬ್ಬ ಬಂದಿಯನ್ನು ಕಲ್ಪಿಸಿಕೊಂಡು ಅವನ ಮನಸ್ಸಿನೊಳಹೊಕ್ಕು, ಭಯ, ಭ್ರಾಂತಿ, ಗೋಡೆಯ ಮೂಲೆಯಲ್ಲಿ ಕಾಣುವ ಭೂತ ಇವುಗಳನ್ನೆಲ್ಲ ಹೆಸರಿಟ್ಟು ವರ್ಣಿಸುತ್ತಾನೆ. ರಸವನ್ನು ಅದರ ಹೆಸರಿನಿಂದಲೇ ಕರೆಯುವುದನ್ನು ಆಲಂಕಾರಿಕರು ಸ್ವಶಬ್ದವಾಚ್ಯತ್ವವೆಂಬ ದೋಷವಾಗಿ ಗಣಿಸಿದ್ದಾರೆ. ಸೀಸೆಯ ಗಡಿಯಾರವನ್ನು ಕಂಡು ಮರುಗಿದ ವಾಚಕನು ಈ ಪುಟಗಳಿಗೆ ಬರುವ ಹೊತ್ತಿಗೆ ಮರುಗುವುದನ್ನು ಬಿಟ್ಟು, ಇದು ನಿಜವೆ ಎಂದು ಪ್ರಶ್ನಿಸತೊಡಗುತ್ತಾನೆ.

ಹಾಗೆ ಪ್ರಶ್ನಿಸಿದವರೂ ಬಹುಮಂದಿ. ಆ ಜರ್ಮನನ ಹೆಸರು ಚಾರ್ಲ್ಸ್ ಲಾಂಗ್‌ಹೈಮರ್. ಡಿಕನ್ಸನು ಕಂಡಷ್ಟು ಭಗ್ನಹೃದಯನಾಗಿದ್ದವನು ಹೆಚ್ಚು ಕಾಲ ಬದುಕಬಾರದಾಗಿದ್ದಿತು. ಅವನಾದರೋ ದೀರ್ಘಕಾಲ ಬದುಕಿದನು, ಬಿಡುಗಡೆ ಹೊಂದಿ ಮತ್ತೆ ಮತ್ತೆ ಕದ್ದು ಮತ್ತೆ ಮತ್ತೆ ಒಳಗೆ ಬಂದನು, ಕೊನೆಗೆ 1884ರಲ್ಲಿ ಅದೇ ಸೆರೆಮನೆಯಲ್ಲಿ ಮುದುಕನಾಗಿ ಸತ್ತನು. ಕಾದಂಬರಿಕಾರನ ಕಣ್ಣೀರು ಸುಳ್ಳೆಂಬುದಕ್ಕೆ ಇದೇ ಸಾಕ್ಷಿಯೆಂದು ಪದ್ಧತಿಯ ಪಕ್ಷಪಾತಿಗಳು ವಾದಿಸಿದರು. ಎಂಥ ವಿಚಿತ್ರವಾದ ವಾದ! ಮನುಷ್ಯನನ್ನು ತಿದ್ದುವುದಕ್ಕೆಂದು ಕಟ್ಟಿದ ಮನೆಯು ಒಬ್ಬನನ್ನು ನಾಲ್ಕು ದಶಕಗಳಲ್ಲಿಯೂ ತಿದ್ದಲಾರದೆ ಹೋಯಿತೆಂಬುದನ್ನು ಮನೆಯ ಕಡೆಯ ಸಾಕ್ಷಿಯಾಗಿ ಹೂಡುವುದು ತರ್ಕಶಾಸ್ತ್ರದಲ್ಲಿ ವಿರುದ್ಧಹೇತುವಿಗೆ ಒಳ್ಳೆಯ ಉದಾಹರಣೆ. ಡಿಕನ್ಸನು ಅತಿಶಯೋಕ್ತಿ ಮಾಡಿರಬಹುದು. ಆದರೆ ಅವನ ಪ್ರತಿಪಕ್ಷಿಗಳು ಅವನಿಗಿಂತಲೂ ಹೆಚ್ಚಾಗಿ ಅವನ ಪಕ್ಷವನ್ನು ಸ್ಥಾಪಿಸಿದರು.

ಡಿಕನ್ಸನ ಅತಿಶಯಕ್ಕೆ ಕಾರಣವೂ ಇಲ್ಲದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ, 1824ರಲ್ಲಿ, ಅವನ ತಂದೆಯು ಸಾಲಕ್ಕಾಗಿ ಲಂಡನ್ನಿನ ಮಾರ್ಷಲ್ಸೀ ಸೆರೆಮನೆಯನ್ನು ಸೇರಿದ್ದನು. ಆ ಸೆರೆಮನೆಯಲ್ಲಿ ಸಂಸಾರವೇ ಒಳಗೆ ಇರಬಹುದಾಗಿದ್ದಿತು; ಕೊಳಕು, ಗದ್ದಲ, ನಗು ಎಲ್ಲವೂ ಇದ್ದವು. ಅಂಥದನ್ನು ಬಲ್ಲವನಿಗೆ ಫಿಲಡೆಲ್ಫಿಯಾದ ಶುಚಿಯಾದ ಮೌನವು ಭೂತದಂತೆ ಕಂಡುದು ಸಹಜ. ಹದಿನೇಳು ವರ್ಷಗಳ ತರುವಾಯ ಬಂದ ‘ಎ ಟೇಲ್ ಆಫ್ ಟೂ ಸಿಟೀಸ್’ ಕಾದಂಬರಿಯಲ್ಲಿ ಡಾಕ್ಟರ್ ಮ್ಯಾನೆಟ್ ಎಂಬ ವೃದ್ಧನು ಬಾಸ್ಟೀಲಿನ ಒಂಟಿಕೋಣೆಯಿಂದ ಹೊರಬಂದ ಮೇಲೆಯೂ ಬಗ್ಗಿ ಕುಳಿತು ಜೋಡು ಹೊಲಿಯುತ್ತಾನೆ. ಹೆಸರು ಕೇಳಿದರೆ ತನ್ನ ಕೋಣೆಯ ಅಂಕೆಯನ್ನು ಹೇಳುತ್ತಾನೆ. ಜೋಡು ಹೊಲಿಯುವ ಕೆಲಸವೂ ಹೆಸರಿಗೆ ಬದಲಾದ ಅಂಕೆಯೂ ಪ್ಯಾರಿಸ್ಸಿನಿಂದ ಬಂದವೋ ಫಿಲಡೆಲ್ಫಿಯಾದಿಂದ ಬಂದವೋ ಎಂದು ಊಹಿಸುವುದು ಅಸಂಗತವಲ್ಲ. ಪ್ರವಾಸಗ್ರಂಥದಲ್ಲಿ ಕೂಗಿ ಹೇಳಿದ್ದನ್ನು ಅವನು ಕಾದಂಬರಿಯಲ್ಲಿ ಮುದುಕನ ಬೆರಳುಗಳಿಂದ ಹೇಳಿಸಿದನು. ರಸವು ನೆಲೆಗೊಂಡುದು ಅಲ್ಲಿ.

ಏಕಾಂತಪದ್ಧತಿಯು ಜನಸಂದಣಿಯಿಂದಲೇ ಸವೆಯುತ್ತ ಬಂದಿತು. ಒಬ್ಬನಿಗೆಂದು ಕಟ್ಟಿದ ಕೋಣೆಗೆ ಇಬ್ಬರನ್ನು ಹಾಕತೊಡಗಿದ ಮೇಲೆ ತತ್ತ್ವಕ್ಕೆ ಅರ್ಥವಿರಲಿಲ್ಲ. 1913ರಲ್ಲಿ ಅದನ್ನು ವಿಧಿಪೂರ್ವಕವಾಗಿ ಕೈಬಿಟ್ಟರು. ಅಲ್ಲಿಂದ ಮುಂದೆ ಅರುವತ್ತು ವರ್ಷಗಳ ಹತ್ತಿರ ಅದು ಸಾಮಾನ್ಯ ಸೆರೆಮನೆಯಾಗಿ ನಡೆಯಿತು.

ಈಗ ಪ್ರದರ್ಶನದ ವಿಚಾರ. ಮುಚ್ಚಿದ ಮೇಲೆ ಕಟ್ಟಡವು ಹಾಳುಬಿದ್ದಿತು. ಛಾವಣಿಯ ಕಂಡಿಗಳಿಂದ ಬೀಜಗಳು ಬಿದ್ದು ಓಣಿಗಳೊಳಗೆ ಮರಗಳು ಬೆಳೆದವು. ಬೆಕ್ಕುಗಳು ಸೇರಿಕೊಂಡವು, ಊರಿನ ಒಬ್ಬ ಮನುಷ್ಯನು ಇಪ್ಪತ್ತೆಂಟು ವರ್ಷಗಳ ಕಾಲ ಅವುಗಳಿಗೆ ಅನ್ನ ಹಾಕಿದನು. 1980ರಲ್ಲಿ ನಗರದವರು ಅದನ್ನು ಕೊಂಡರು. ಅಂಗಡಿಗಳನ್ನೋ ವಾಸದ ಮನೆಗಳನ್ನೋ ಕಟ್ಟಬೇಕೆಂಬ ಆಲೋಚನೆಗಳು ಹುಟ್ಟಿದವು. 1988ರಲ್ಲಿ ಇತಿಹಾಸಪ್ರಿಯರು ಮೇಯರಿಗೆ ಮನವಿ ಮಾಡಿ ಅದನ್ನು ತಪ್ಪಿಸಿದರು. ಅನಂತರ ಅದನ್ನು ವಹಿಸಿಕೊಂಡವರು ಒಂದು ವಿವೇಕದ ನಿಶ್ಚಯಕ್ಕೆ ಬಂದರು: ಹೊಸದಾಗಿ ಕಾಣುವಂತೆ ಜೀರ್ಣೋದ್ಧಾರ ಮಾಡಕೂಡದು, ಇನ್ನು ಮುಂದೆ ಬೀಳದಂತೆ ಮಾತ್ರ ತಡೆಯಬೇಕು. ಸುಣ್ಣ ಉದುರಿದ ಗೋಡೆ, ತುಕ್ಕು ಹಿಡಿದ ಮಂಚ, ಮುರಿದ ಪೀಠ ಎಲ್ಲವನ್ನೂ ಇದ್ದ ಹಾಗೆಯೇ ನಿಲ್ಲಿಸಿದ್ದಾರೆ. ರಘುವಂಶದ ಹದಿನಾರನೆಯ ಸರ್ಗದಲ್ಲಿ ಪಾಳುಬಿದ್ದ ಅಯೋಧ್ಯೆಯನ್ನು ನಗರದೇವತೆಯು ಕುಶನಿಗೆ ವರ್ಣಿಸುವ ಭಾಗವನ್ನು ಬಲ್ಲ ರಸಿಕರಿಗೆ ಈ ನಿಶ್ಚಯದ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಹಾಳೇ ಇಲ್ಲಿ ಉದ್ದೀಪನವಿಭಾವ. ಬಣ್ಣ ಬಳಿದು ಮೇಣದ ಬೊಂಬೆಗಳನ್ನು ನಿಲ್ಲಿಸಿದ್ದರೆ ನೋಡುವವನ ಕಲ್ಪನೆಗೆ ಕೆಲಸವೇ ಇರುತ್ತಿರಲಿಲ್ಲ.

ಪ್ರೇಕ್ಷಕರು ಕಿವಿಗೆ ಯಂತ್ರವನ್ನು ಹಚ್ಚಿಕೊಂಡು ನಡೆಯುತ್ತಾರೆ. ಸ್ಟೀವ್ ಬುಶೆಮಿ ಎಂಬ ನಟನ ಕಂಠವು ದಾರಿ ತೋರಿಸುತ್ತದೆ. ನಡುನಡುವೆ ಅಲ್ಲಿಯೇ ಇದ್ದ ಹಿಂದಣ ಬಂದಿಗಳೂ ಕಾವಲುಗಾರರೂ ತಮ್ಮ ಅನುಭವವನ್ನು ತಾವೇ ಹೇಳುತ್ತಾರೆ. ಇದು ಈ ಪ್ರದರ್ಶನದ ಅತ್ಯುತ್ತಮ ಭಾಗ. ಕಾರಣವನ್ನು ಭವಭೂತಿಯಿಂದ ತಿಳಿಯಬಹುದು. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ರಾಮ ಸೀತೆಯರು ತಮ್ಮ ವನವಾಸದ ಚಿತ್ರಪಟಗಳನ್ನು ನೋಡುತ್ತಾರೆ. ಶೂರ್ಪನಖಿಯ ಚಿತ್ರವನ್ನು ಕಂಡು ಸೀತೆಯು ಬೆಚ್ಚುತ್ತಾಳೆ; ಇದು ಬರಿಯ ಚಿತ್ರವೆಂದು ರಾಮನು ಸಮಾಧಾನ ಹೇಳುತ್ತಾನೆ, ಹೇಳಿದವನೇ ಮುಂದೆ ತಾನೂ ಕಲಂಕುತ್ತಾನೆ. ದಂಡಕಾರಣ್ಯದಲ್ಲಿ ಪಟ್ಟ ದುಃಖಗಳೂ ಚಿತ್ರಶಾಲೆಯಲ್ಲಿ ನೆನೆದಾಗ ಸುಖವಾದವು ಎಂಬ ಭಾವವನ್ನು ಕಾಳಿದಾಸನೂ ರಘುವಂಶದಲ್ಲಿ ತಂದಿದ್ದಾನೆ. ಎರಡು ಕಡೆಯಲ್ಲಿಯೂ ನೋಡುವವರು ದುಃಖವನ್ನು ಉಂಡವರೇ. ಆ ಸುಖಕ್ಕೆ ಅವರಿಗೆ ಅಧಿಕಾರವುಂಟು. ಫಿಲಡೆಲ್ಫಿಯಾದಲ್ಲಿ ನೋಡುವವನು ಉಣ್ಣದವನು. ಹಣ ಕೊಟ್ಟು ಬಂದು ಸಂಜೆಗೆ ಮನೆಗೆ ಹೋಗತಕ್ಕವನು. ಅವನ ಮತ್ತು ಗೋಡೆಯ ನಡುವೆ ಅಲ್ಲಿ ಬದುಕಿದವನ ಕಂಠವೊಂದು ಇದ್ದರೆ ಮಾತ್ರ ನೋಟಕ್ಕೆ ಔಚಿತ್ಯ ಬರುತ್ತದೆ. ಮನುವು ಹೇಳಿದ ಖ್ಯಾಪನವು ನೂರೆಪ್ಪತ್ತು ವರ್ಷ ತಡವಾಗಿ ಆ ಓಣಿಯಲ್ಲಿ ಕೇಳಿಬರುತ್ತಿದೆ ಎಂದರೂ ಸಲ್ಲುವುದು.

ದೋಷಗಳನ್ನೂ ಹೇಳಬೇಕು. ಷಿಕಾಗೋದ ಪುಂಡರ ಒಡೆಯನಾದ ಅಲ್ ಕಪೋನ್ 1929ರಿಂದ 30ರವರೆಗೆ ಏಳೆಂಟು ತಿಂಗಳು ಇಲ್ಲಿದ್ದನು. ಅವನ ಕೋಣೆಯಲ್ಲಿ ಒಳ್ಳೆಯ ಪೀಠೋಪಕರಣಗಳೂ ದೀಪಗಳೂ ರೇಡಿಯೋವೂ ಇದ್ದವೆಂದು ಅಂದಿನ ಪತ್ರಿಕೆಗಳು ಬರೆದುದನ್ನು ಆಧರಿಸಿ ಆ ಕೋಣೆಯನ್ನು ಅಲಂಕರಿಸಿ ತೋರಿಸುತ್ತಾರೆ. ಜನದ ನೂಕುನುಗ್ಗಲು ಅಲ್ಲಿಯೇ ಹೆಚ್ಚು. ಕಡಿವಾಣದಿಂದ ಸತ್ತವನ ಕಥೆಗೆ ನಿಲ್ಲದ ಕಾಲು ಕಪೋನನ ದೀಪಕ್ಕೆ ನಿಲ್ಲುತ್ತದೆ. 1924ರಲ್ಲಿ ಬಂದ ಪೆಪ್ ಎಂಬ ನಾಯಿಯದು ಇನ್ನೊಂದು ಕಥೆ. ಗವರ್ನರ ಹೆಂಡತಿಯ ಬೆಕ್ಕನ್ನು ಕೊಂದುದಕ್ಕಾಗಿ ಅದಕ್ಕೆ ಯಾವಜ್ಜೀವ ಶಿಕ್ಷೆಯಾಯಿತೆಂದು ಐತಿಹ್ಯ. ಬಂದಿಗಳ ಮನಸ್ಸಿಗೆ ಉಲ್ಲಾಸವಾಗಲೆಂದು ಗವರ್ನರನು ಕೊಟ್ಟ ಸಾಕುನಾಯಿ ಎಂಬುದು ವಾಸ್ತವ. ಹಾಸ್ಯಕ್ಕೂ ಕರುಣಕ್ಕೂ ವಿರೋಧವುಂಟೆಂದು ಶಾಸ್ತ್ರವು ಹೇಳಿದರೂ ನಾಯಿಯ ಕಥೆಯನ್ನು ಕ್ಷಮಿಸಬಹುದು. ಸೆರೆಯಲ್ಲಿದ್ದವರೂ ಆ ನಾಯಿಯನ್ನು ಕಂಡು ನಕ್ಕಿರಬೇಕು. 1945ರಲ್ಲಿ ಹನ್ನೆರಡು ಮಂದಿ ಸುರಂಗವನ್ನು ತೋಡಿ ತಪ್ಪಿಸಿಕೊಂಡ ಕಥೆಯೂ ಹಾಗೆಯೇ. ಮೃಚ್ಛಕಟಿಕದಲ್ಲಿ ಸೆರೆಯೊಡೆದು ಬಂದ ಆರ್ಯಕನಿಗೆ ಚಾರುದತ್ತನ ಬಂಡಿಯಾದರೂ ಸಿಕ್ಕಿತು, ಇವರೆಲ್ಲರೂ ಸಿಕ್ಕಿಬಿದ್ದರು.

ಕ್ಷಮಿಸಲಾಗದ್ದು ಬೇರೊಂದಿದೆ. ಪ್ರತಿವರ್ಷವೂ ಶರತ್ಕಾಲದಲ್ಲಿ ಈ ಗೋಡೆಗಳೊಳಗೆ ಭೂತಪ್ರೇತಗಳ ವೇಷ ಹಾಕಿ ಜನರನ್ನು ಹೆದರಿಸುವ ರಾತ್ರಿಯ ಆಟವನ್ನು ನಡೆಸುತ್ತಾರೆ. 1991ರಲ್ಲಿ ಪ್ರಾರಂಭವಾದ ಈ ವ್ಯವಹಾರವು ಹೆಸರನ್ನೂ ರೂಪವನ್ನೂ ಬದಲಾಯಿಸಿಕೊಂಡು 2021ರಿಂದ ಹ್ಯಾಲೊವೀನ್ ನೈಟ್ಸ್ ಎಂಬುದಾಗಿ ಸಾಗಿದೆ. ಛಾವಣಿಗಳನ್ನು ಬೀಳದಂತೆ ನಿಲ್ಲಿಸಿದ ಹಣದಲ್ಲಿ ದೊಡ್ಡ ಪಾಲು ಈ ಆಟದ್ದೇ ಎಂಬುದು ನಿಜ. ಅದಿಲ್ಲದಿದ್ದರೆ ಕಟ್ಟಡವೇ ಉಳಿಯುತ್ತಿರಲಿಲ್ಲವೆಂದು ಸಮರ್ಥಿಸುವವರೂ ಉಂಟು. ಅವರ ಕಷ್ಟವು ಅರ್ಥವಾಗತಕ್ಕದ್ದೇ. ಆದರೂ ಕ್ಷೇಮೇಂದ್ರನು ಔಚಿತ್ಯವಿಚಾರದಲ್ಲಿ ದೇಶದ ಔಚಿತ್ಯವನ್ನೂ ಎಣಿಸಿದ್ದಾನೆ. ಒಂಟಿತನದಿಂದ ಮನುಷ್ಯರು ನಿಜವಾಗಿಯೂ ಭ್ರಾಂತರಾದ ಕೋಣೆಗಳ ಪಕ್ಕದಲ್ಲಿ ಹುಡುಗರು ಸುಳ್ಳುಭೂತವನ್ನು ಕಂಡು ಕಿರುಚಿ ನಗುವುದು ಯಾವ ಹಣದಿಂದಲೂ ಉಚಿತವಾಗುವುದಿಲ್ಲ. ಡಿಕನ್ಸನು ಕಲ್ಪಿಸಿದ ಭೂತವು ಅತಿಯಾಯಿತೆಂದು ಮೇಲೆ ಆಕ್ಷೇಪಿಸಿದುದಾಯಿತು. ಇದರ ಮುಂದೆ ಅವನ ಭೂತವು ಎಷ್ಟೋ ಗೌರವಸ್ಥ.

ಇದಕ್ಕೆ ಪರಿಹಾರವೆಂಬಂತೆ 2014ರಲ್ಲಿ ಅಂಗಳದಲ್ಲಿ 16 ಅಡಿ ಎತ್ತರದ ಉಕ್ಕಿನ ರೇಖಾಪಟವೊಂದನ್ನು ನಿಲ್ಲಿಸಿದರು. 1900ರಿಂದ ಆ ದೇಶದಲ್ಲಿ ಸೆರೆಯಲ್ಲಿದ್ದವರ ಪ್ರಮಾಣವನ್ನು ಅದರ ಮೆಟ್ಟಿಲುಗಳು ತೋರಿಸುತ್ತವೆ. 1970ರವರೆಗೆ ತಗ್ಗಿನಲ್ಲಿಯೇ ಇದ್ದ ಸಾಲು ಅಲ್ಲಿಂದ ಮುಂದೆ ಪ್ರೇಕ್ಷಕನ ತಲೆಯನ್ನು ಮೀರಿ ಏರುತ್ತದೆ. ಇಂದು ಅಮೆರಿಕದಲ್ಲಿ ಸುಮಾರು 20 ಲಕ್ಷ ಜನ ಸೆರೆಯಲ್ಲಿದ್ದಾರೆ; ಅದರಲ್ಲಿ ಕರಿಯರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಬಹು ಹೆಚ್ಚು. ಒಂದನೆಯ ಅಂಕೆಯ ಹದಿನೆಂಟು ವರ್ಷದ ಹುಡುಗನನ್ನು ಮರೆಯದವನು ಆ ಉಕ್ಕಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಇದರಲ್ಲಿ ಒಂದೂ ಭಾವದ ಶಬ್ದವಿಲ್ಲ. ಹೆಸರಿಲ್ಲದೆಯೇ ರಸವು ಹುಟ್ಟುವುದಕ್ಕೆ ಇದು ಸೀಸೆಯ ಗಡಿಯಾರದಷ್ಟೇ ಒಳ್ಳೆಯ ನಿದರ್ಶನ. 2016ರಲ್ಲಿ ಇಂದಿನ ಸೆರೆಮನೆಗಳನ್ನು ಕುರಿತ ಪ್ರದರ್ಶನವೊಂದನ್ನೂ ಸೇರಿಸಿದರು. ಅದು ಉಪದೇಶದ ಕಡೆಗೆ ಸ್ವಲ್ಪ ವಾಲುತ್ತದೆ.

ಏಕಾಂತಶಿಕ್ಷೆಯು ಹಾಳುಗೋಡೆಗಳೊಳಗೆ ಮುಗಿದ ವಿಷಯವೆಂದು ಭಾವಿಸಿ ಹೊರಬರುವುದು ಸುಲಭ. 1860ರ ಭಾರತೀಯ ದಂಡಸಂಹಿತೆಯ 73ನೆಯ ಪ್ರಕರಣದಲ್ಲಿ ಅದು ಇದ್ದಿತು. ಒಟ್ಟು ಮೂರು ತಿಂಗಳನ್ನು ಮೀರಬಾರದು, ಒಂದು ಸಲಕ್ಕೆ ಹದಿನಾಲ್ಕು ದಿನಗಳನ್ನು ಮೀರಬಾರದು ಎಂಬ ಮಿತಿಗಳೊಡನೆ. 1978ರಲ್ಲಿ ಸುನೀಲ್ ಬಾತ್ರಾ ಎಂಬವನ ಮೊಕದ್ದಮೆಯಲ್ಲಿ, ಮರಣದಂಡನೆಗೆ ಗುರಿಯಾದವನೆಂಬ ಕಾರಣದಿಂದಲೇ ಒಬ್ಬನನ್ನು ಒಂಟಿಕೋಣೆಯಲ್ಲಿಡುವ ಅಧಿಕಾರವು ಸೆರೆಮನೆಯವರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಹಳೆಯ ಸಂಹಿತೆಯು ಹೋಗಿ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯು ಬಂದಿದೆ. ಅದರ 11ನೆಯ ಪ್ರಕರಣದಲ್ಲಿಯೂ ಆ ಶಿಕ್ಷೆ ಹಾಗೆಯೇ ಕುಳಿತಿದೆ. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವು 2008ರಲ್ಲಿ ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಯಿತು. ಅದರ ಕಾವಲುಗೋಪುರದ ಸುತ್ತ ಈಗ ಹುಲ್ಲುಹಾಸು. ಜನರು ಸೇರಿ ಸರಕಾರಕ್ಕೆ ತಮ್ಮ ದೂರನ್ನು ಕೂಗಿ ಹೇಳುವುದಕ್ಕೂ ಅಲ್ಲಿ ಜಾಗವುಂಟು. ಸೆರೆಮನೆಗೆ ಅದಕ್ಕಿಂತ ಒಳ್ಳೆಯ ಮರುಜನ್ಮ ದುರ್ಲಭವೆಂದು ಒಪ್ಪಿದರೂ, ಒಳಗಿದ್ದವರ ಕಂಠವು ಫಿಲಡೆಲ್ಫಿಯಾದಲ್ಲಿ ಕೇಳುವಷ್ಟು ಅಲ್ಲಿ ಕೇಳುವುದಿಲ್ಲ.

ಫಿಲಡೆಲ್ಫಿಯಾದವರ ಕೆಲಸಗಳಲ್ಲಿ ಬಹು ಜನರು ಗಮನಿಸದೆ ಹೋಗುವಂಥವು ಎರಡಿವೆ. ಮೊದಲನೆಯದು ಕ್ಯಾಥೊಲಿಕ್ ಪಾದ್ರಿಯ ಕೊಠಡಿಯಲ್ಲಿ ಲೆಸ್ಟರ್ ಸ್ಮಿತ್ ಎಂಬ ಬಂದಿಯು 1955ರಲ್ಲಿ ಬರೆದ ಭಿತ್ತಿಚಿತ್ರಗಳು. ಗಾರೆ ಸಿಪ್ಪೆಯಾಗಿ ಏಳುತ್ತಿದ್ದ ಅವನ್ನು ಬಹಳ ಶ್ರಮದಿಂದ ಉಳಿಸಿದ್ದಾರೆ. ಚಿತ್ರವಿದ್ಯೆಯ ದೃಷ್ಟಿಯಿಂದ ಅವು ದೊಡ್ಡವಲ್ಲ. ಆದರೆ ಬರೆದವನು ಅವುಗಳ ಮುಂದೆ ನಿಲ್ಲುವ ಒಬ್ಬ ನೋಡುಗನಿದ್ದಾನೆಂದು ತಿಳಿದು ಬರೆದಿದ್ದಾನೆ, ನೂಲಿನ ಬಣ್ಣದ ಜರ್ಮನನಿಗೆ ಆ ಭಾಗ್ಯವಿರಲಿಲ್ಲ. ಎರಡನೆಯದು 2019ರ ಬೇಸಗೆಯ ಕೊನೆಯಲ್ಲಿ ನಡೆಯಿತು. ಆಗ ಬೇರೆ ಸೆರೆಮನೆಗಳಲ್ಲಿದ್ದ ಬಂದಿಗಳು ತಮ್ಮ ಬದುಕನ್ನು ಕುರಿತು ತಾವೇ ಬರೆದು ಜೋಡಿಸಿದ ಇಪ್ಪತ್ತು ಚಲಿಸುವ ಚಿತ್ರಗಳನ್ನು ಹೊರಗೋಡೆಯ ಮೇಲೆ, ಬೀದಿಯ ಕಡೆಗೆ, ರಾತ್ರಿಯ ಹೊತ್ತು ಬಿಟ್ಟು ತೋರಿಸಿದರು. ಟಿಕೀಟು ಇರಲಿಲ್ಲ. ನೆರೆಹೊರೆಯವರು ಕುರ್ಚಿಗಳನ್ನು ತಂದು ಹಾಕಿಕೊಂಡು ಕುಳಿತು ನೋಡಿದರು.